ಉಣ್ಣುವ ಮಗುವಿನ ತಲೆ ತಗ್ಗದಿರಲಿ

ದಾನ ಮತ್ತು ದಾಸೋಹ ಎಂಬ ಎರಡು ಮಾತುಗಳನ್ನು ನಮ್ಮ ಮನೆಗಳಲ್ಲಿ ಅನೇಕ ವೇಳೆ ಒಂದೇ ಅರ್ಥದಲ್ಲಿ ಬಳಸುವುದುಂಟು. ಆದರೆ ಶರಣರ ದೃಷ್ಟಿಯಲ್ಲಿ ಇವೆರಡೂ ಒಂದೇ ಅಲ್ಲ. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ, ಪಡೆಯುವವನ ಕೈ ಕೆಳಗಿರುತ್ತದೆ. ಕೊಟ್ಟೆನೆಂಬ ಭಾವ ಒಬ್ಬನಲ್ಲಿ ಉಳಿದರೆ, ಪಡೆದೆನೆಂಬ ಭಾರ ಇನ್ನೊಬ್ಬನಲ್ಲಿ ಉಳಿಯುತ್ತದೆ. ದಾಸೋಹದಲ್ಲಿಯಾದರೋ ಕೊಡುವವನೇ ದಾಸನು. ಉಣ್ಣಲು ಬಂದವರು ತನ್ನ ಅನ್ನವನ್ನು ಸಾರ್ಥಕಗೊಳಿಸಿದರೆಂದು ಅವನೇ ಕೃತಜ್ಞನಾಗಿರಬೇಕು. ಮಾತಿನಲ್ಲಿ ಇದು ಸುಲಭ, ನಡೆಯಲ್ಲಿ ಕಠಿಣ. ಅದರಲ್ಲಿಯೂ ಉಣ್ಣಲು ಬಂದವರು ಮಕ್ಕಳಾದಾಗ ಇನ್ನೂ ಕಠಿಣ. ಏಕೆಂದರೆ ದೊಡ್ಡವರು ತಮ್ಮ ಮಾನವನ್ನು ತಾವೇ ಕಾಯ್ದುಕೊಳ್ಳಬಲ್ಲರು. ಮಗುವಿನ ಮಾನವನ್ನು ಬಡಿಸುವವರೇ ಕಾಯಬೇಕು.

ಇಂದು ನಮ್ಮ ಸಮಾಜದ ಅನೇಕ ಕುಟುಂಬಗಳ ಮಕ್ಕಳು ಓದು ಮತ್ತು ಉದ್ಯೋಗದ ನಿಮಿತ್ತ ಪರದೇಶಗಳಲ್ಲಿ ನೆಲೆಸಿದ್ದಾರೆ. ಅವರನ್ನು ನೋಡಲು ಹಿರಿಯರೂ ಹೋಗಿಬರುತ್ತಾರೆ. ಬಿಡುವಿನ ವೇಳೆಯಲ್ಲಿ ಅಲ್ಲಿಯ ಮಕ್ಕಳ ಸೇವೆಯಲ್ಲಿ ತೊಡಗುವವರೂ ಇದ್ದಾರೆ. ಹಾಗೆ ತೊಡಗಿದಾಗ ಭಾಷೆಗಿಂತ ಮೊದಲು ಎದುರಾಗುವುದು ನಡವಳಿಕೆಯ ಭೇದ. ಜಪಾನಿನ ರಾಜಧಾನಿಯಾದ ಟೋಕಿಯೋದಲ್ಲಿ ಬಂಧುಗಳ ಮನೆಯಲ್ಲಿ ಕೆಲವು ತಿಂಗಳು ತಂಗಿದ್ದಾಗ, ನಾವು ಅಲ್ಲಿಯ ಒಂದು ಮಕ್ಕಳ ಭೋಜನಶಾಲೆಯಲ್ಲಿ ತರಕಾರಿ ಹೆಚ್ಚುವ, ಪಾತ್ರೆ ತೊಳೆಯುವ ಸೇವೆಗೆ ನಿಂತಿದ್ದೆವು. ಅಲ್ಲಿ ಕಂಡ ಭೇದಗಳನ್ನು ಈ ತಿಂಗಳು ವಾಚಕ ಬಂಧುಗಳ ಮುಂದಿಡುತ್ತೇವೆ. ಪ್ರವಾಸದ ವರ್ಣನೆ ನಮ್ಮ ಉದ್ದೇಶವಲ್ಲ. ದಾಸೋಹವನ್ನು ಕುಲಧರ್ಮವೆಂದು ನಂಬಿದ ನಮಗೆ ಆ ಭೇದಗಳು ಏನನ್ನು ತಿಳಿಸುತ್ತವೆ ಎಂಬುದೇ ಇಲ್ಲಿಯ ವಿಚಾರ.

ಮಕ್ಕಳ ಭೋಜನಶಾಲೆ

ಆ ಭೋಜನಶಾಲೆಗಳನ್ನು ಅಲ್ಲಿಯವರು 'ಕೊದೊಮೊ ಶೊಕುದೊ' ಎಂದು ಕರೆಯುತ್ತಾರೆ. ಕೊದೊಮೊ ಎಂದರೆ ಮಕ್ಕಳು, ಶೊಕುದೊ ಎಂದರೆ ಊಟದ ಮನೆ. ಈ ಹೆಸರಿನ ಮೊದಲ ಊಟದ ಮನೆ 2012ರಲ್ಲಿ ಟೋಕಿಯೋದ ಓತಾ ವಿಭಾಗದಲ್ಲಿ ತರಕಾರಿ ಅಂಗಡಿಯೊಂದನ್ನು ನಡೆಸುತ್ತಿದ್ದ ಒಬ್ಬ ಮಹಿಳೆಯಿಂದ ಆರಂಭವಾಯಿತು. ಸಮೀಪದ ಶಾಲೆಯ ಒಂದು ಮಗು, ಶಾಲೆಯ ಮಧ್ಯಾಹ್ನದ ಊಟವನ್ನು ಬಿಟ್ಟರೆ ಬಾಳೆಹಣ್ಣೊಂದರಲ್ಲಿಯೇ ದಿನ ಕಳೆಯುತ್ತದೆ ಎಂಬ ಸಂಗತಿ ಶಾಲೆಯ ಉಪಾಧ್ಯಾಯರಿಂದ ಆಕೆಯ ಕಿವಿಗೆ ಬಿತ್ತು. ತರಕಾರಿ ಮಾರುವ ತನ್ನ ಅಂಗಡಿಯ ಮಗ್ಗುಲಲ್ಲಿಯೇ ಒಂದು ಮಗು ಹಸಿದಿರುವುದನ್ನು ಆಕೆ ಸಹಿಸಲಿಲ್ಲ. ಅಂದು ಹಚ್ಚಿದ ಒಂದು ಒಲೆಯಿಂದ ಒಲೆಗಳು ಹತ್ತಿಕೊಳ್ಳುತ್ತ ಹೋದವು. 2024ರ ಎಣಿಕೆಯ ವೇಳೆಗೆ ದೇಶದಾದ್ಯಂತ ಇಂತಹ ಊಟದ ಮನೆಗಳು 10,000ವನ್ನು ಮೀರಿದ್ದವು.

ಸಿರಿವಂತವೆಂದು ಹೆಸರಾದ ಆ ದೇಶದಲ್ಲಿ ಹಸಿದ ಮಕ್ಕಳೆಲ್ಲಿಂದ ಬಂದರು ಎಂದು ಯಾರಾದರೂ ಕೇಳಬಹುದು. ಅಲ್ಲಿಯ ಸರ್ಕಾರದ ಲೆಕ್ಕದಂತೆ 2012ರಲ್ಲಿ ನೂರಕ್ಕೆ 16.3ರಷ್ಟು, ಎಂದರೆ ಸುಮಾರು ಆರು ಮಕ್ಕಳಲ್ಲಿ ಒಂದು, ಬಡತನದ ಮನೆಯಲ್ಲಿ ಬೆಳೆಯುತ್ತಿತ್ತು. 2021ರಲ್ಲಿ ಈ ಸಂಖ್ಯೆ 11.5ಕ್ಕೆ ಇಳಿಯಿತು. ಆದರೆ ತಾಯಿ ಅಥವಾ ತಂದೆ ಒಬ್ಬರೇ ಸಾಕುವ ಮನೆಗಳಲ್ಲಿ ಅದೇ ವರ್ಷ ನೂರಕ್ಕೆ 44.5ರಷ್ಟು ಬಡತನವಿತ್ತು. ಇಲ್ಲಿ ಬಡತನವೆಂದರೆ ನಮ್ಮ ಕಣ್ಣಿಗೆ ಪರಿಚಿತವಾದ ಹರಕು ಬಟ್ಟೆಯಲ್ಲ. ಆ ದೇಶದ ನಡುಮಟ್ಟದ ಮನೆಯ ಆದಾಯದಲ್ಲಿ ಅರ್ಧಕ್ಕಿಂತಲೂ ಕಡಿಮೆಯಲ್ಲಿ ಬಾಳುವುದಕ್ಕೆ ಅಲ್ಲಿ ಬಡತನವೆನ್ನುತ್ತಾರೆ. ಮಗುವಿನ ಅಂಗಿ ಶುಭ್ರವಾಗಿರುತ್ತದೆ, ಬೆನ್ನಿನ ಮೇಲೆ ಎಲ್ಲರಂತೆಯೇ ಗಟ್ಟಿಯಾದ ಶಾಲಾಚೀಲವಿರುತ್ತದೆ. ಬಡತನವಿರುವುದು ಮನೆಯ ಅಡುಗೆಮನೆಯಲ್ಲಿ, ರಾತ್ರಿಯ ಪಾಳಿಗೆ ಹೋದ ತಾಯಿಯ ಬರಿದಾದ ಕುರ್ಚಿಯಲ್ಲಿ. ಕಾಣದ ಬಡತನವಿದು. ಕಾಣಬಾರದೆಂದು ಮಗುವೂ ತಾಯಿಯೂ ಸೇರಿ ಮುಚ್ಚಿಟ್ಟುಕೊಂಡ ಬಡತನ.

ಕೇಳಬಾರದ ಪ್ರಶ್ನೆ

ನಾವು ಸೇವೆಗೆ ನಿಂತ ಊಟದ ಮನೆ ತಿಂಗಳಿಗೆ ಎರಡು ಸಂಜೆ ತೆರೆಯುತ್ತಿತ್ತು. ಮಕ್ಕಳಿಗೆ ಹಣವಿಲ್ಲ, ದೊಡ್ಡವರು ಅಲ್ಪಸ್ವಲ್ಪ ಕೊಡುತ್ತಿದ್ದರು. ಅಲ್ಲಿ ಮೊದಲು ನಮ್ಮ ಗಮನಕ್ಕೆ ಬಂದುದು ಬಾಗಿಲಲ್ಲಿ ಯಾರೂ ಏನನ್ನೂ ಕೇಳದಿರುವುದು. ಬಡವರಿಗೆ ಮಾತ್ರ ಎಂಬ ಫಲಕವಿಲ್ಲ, ಆದಾಯದ ಚೀಟಿ ತೋರಿಸಬೇಕಿಲ್ಲ. ಉಳ್ಳವರ ಮಕ್ಕಳೂ ಬರುತ್ತಾರೆ, ಇಲ್ಲದವರ ಮಕ್ಕಳೂ ಬರುತ್ತಾರೆ, ಒಂಟಿಯಾಗಿ ಬಾಳುವ ನೆರೆಯ ವೃದ್ಧರೂ ಬರುತ್ತಾರೆ. ಯಾರು ಹಸಿವೆಗೆ ಬಂದರು, ಯಾರು ಜೊತೆಗಾಗಿ ಬಂದರು ಎಂಬುದು ತಿಳಿಯುವುದಿಲ್ಲ. ತಿಳಿಯದಿರಲೆಂದೇ ಆ ಏರ್ಪಾಡು. ಬಡವರಿಗಾಗಿ ಎಂದು ಬರೆದು ಹಾಕಿದ ದಿನವೇ ನಿಜವಾಗಿ ಹಸಿದ ಮಗು ಬರುವುದನ್ನು ನಿಲ್ಲಿಸುತ್ತದೆ ಎಂದು ಅಲ್ಲಿಯ ಹಿರಿಯ ಮಹಿಳೆಯೊಬ್ಬರು ನಮಗೆ ತಿಳಿಸಿದರು. ಇತರರಿಗೆ ತೊಂದರೆಯಾಗಬಾರದು, ಇತರರ ಕಣ್ಣಲ್ಲಿ ಹಗುರಾಗಬಾರದು ಎಂಬ ಎಚ್ಚರ ಆ ಜನಾಂಗದಲ್ಲಿ ಬಾಲ್ಯದಿಂದಲೇ ಬೇರೂರಿರುತ್ತದೆ. ಸಹಾಯ ಪಡೆಯುವುದೂ ತೊಂದರೆ ಕೊಟ್ಟಂತೆಯೇ ಎಂದು ಭಾವಿಸುವ ಮಗುವಿಗೆ ಅನ್ನವನ್ನು ಮುಟ್ಟಿಸಬೇಕಾದರೆ ಬಾಗಿಲು ಅಗಲವಾಗಿರಬೇಕು, ಪ್ರಶ್ನೆಗಳು ಇಲ್ಲವಾಗಬೇಕು.

ನಮ್ಮ ನಾಡಿನ ರೀತಿ ಬೇರೆ. ಪರಿಚಯವಿಲ್ಲದ ಮಗು ಕಂಡರೆ ನಾವು ಹತ್ತಿರ ಕರೆದು, ಯಾರ ಮಗನಪ್ಪಾ, ಯಾವ ಊರು, ತಂದೆ ಏನು ಮಾಡುತ್ತಾರೆ, ಅಣ್ಣತಮ್ಮಂದಿರೆಷ್ಟು ಎಂದು ಕೇಳುತ್ತೇವೆ. ಇದರಲ್ಲಿ ಕೆಟ್ಟ ಕುತೂಹಲವಿಲ್ಲ. ಮಗುವನ್ನು ಒಂದು ಮನೆತನಕ್ಕೆ, ಒಂದು ಊರಿಗೆ ಜೋಡಿಸಿ ತನ್ನವನನ್ನಾಗಿ ಮಾಡಿಕೊಳ್ಳುವ ಅಕ್ಕರೆ ಅದು. ಆದರೆ ತಂದೆ ಮನೆ ಬಿಟ್ಟು ಹೋದ ಮಗುವಿಗೆ, ತಾಯಿ ಕೆಲಸ ಕಳೆದುಕೊಂಡ ಮಗುವಿಗೆ, ಇದೇ ಪ್ರಶ್ನೆ ಮುಳ್ಳಾಗಿ ಚುಚ್ಚುತ್ತದೆ. ಆ ಊಟದ ಮನೆಯಲ್ಲಿ ಹೊಸ ಸೇವಕರಿಗೆ ಮೊದಲು ಹೇಳುವ ಮಾತೇ ಇದು: ಮಗು ತಾನಾಗಿ ಹೇಳಿದರೆ ಕೇಳಿಸಿಕೊಳ್ಳಿರಿ, ನೀವಾಗಿ ಮನೆಯ ಸಂಗತಿ ಕೇಳಬೇಡಿರಿ. ಮಗುವನ್ನು ಪ್ರೀತಿಸುವುದಕ್ಕೆ ಅದರ ಮನೆತನ ತಿಳಿದಿರಬೇಕಾಗಿಲ್ಲ ಎಂಬುದು ಆ ನಿಯಮದ ತಿರುಳು. ಕುಲಗೋತ್ರಗಳನ್ನು ಕೇಳದೆ ಬಂದವರನ್ನು ನಮ್ಮವರೆಂದು ಎಣಿಸಬೇಕೆಂದು ಎಂಟು ಶತಮಾನಗಳ ಹಿಂದೆಯೇ ಕಲಿತ ಸಮಾಜ ನಮ್ಮದು. ಆದುದರಿಂದ ಈ ನಿಯಮ ನಮಗೆ ಹೊಸದೆನಿಸಬಾರದು.

ಬಡಿಸುವ ಕೈಗಳು

ಎರಡನೆಯ ಭೇದ ಊಟದ ಪಂಕ್ತಿಯಲ್ಲಿ ಕಂಡಿತು. ಬಡಿಸುವವರು ಬೇರೆ, ಉಣ್ಣುವವರು ಬೇರೆ ಎಂಬ ಗೆರೆ ಅಲ್ಲಿಲ್ಲ. ಎಂಟು ಹತ್ತು ವರ್ಷದ ಮಕ್ಕಳು ತಾವೇ ಮೇಜು ಒರೆಸುತ್ತಾರೆ, ಬಟ್ಟಲುಗಳನ್ನು ಜೋಡಿಸುತ್ತಾರೆ, ಚಿಕ್ಕವರಿಗೆ ಅನ್ನ ಹಾಕಿಕೊಡುತ್ತಾರೆ. ಉಂಡಮೇಲೆ ತಮ್ಮ ಬಟ್ಟಲನ್ನು ತೊಳೆಯುವ ಜಾಗಕ್ಕೆ ತಂದಿಡುತ್ತಾರೆ. ಇದನ್ನು ಅವರಿಗೆ ಊಟದ ಮನೆ ಕಲಿಸಿದ್ದಲ್ಲ, ಶಾಲೆ ಕಲಿಸಿದ್ದು. ಅಲ್ಲಿಯ ಪ್ರಾಥಮಿಕ ಶಾಲೆಗಳಲ್ಲಿ ಮಧ್ಯಾಹ್ನವಾದೊಡನೆ ಸರದಿಯ ಮಕ್ಕಳು ಬಿಳಿಯ ನಿಲುವಂಗಿ ತೊಟ್ಟು, ತಲೆಗೆ ಟೊಪ್ಪಿಗೆ, ಬಾಯಿಗೆ ಬಟ್ಟೆ ಕಟ್ಟಿಕೊಂಡು, ಅಡುಗೆಯ ಪಾತ್ರೆಗಳನ್ನು ತರಗತಿಗೆ ಹೊತ್ತು ತಂದು ಜೊತೆಯವರಿಗೆ ಬಡಿಸುತ್ತಾರೆ. ಉಪಾಧ್ಯಾಯರೂ ಅದೇ ಕೊಠಡಿಯಲ್ಲಿ, ಅದೇ ಅಡುಗೆಯನ್ನು ಮಕ್ಕಳೊಡನೆ ಉಣ್ಣುತ್ತಾರೆ. ತರಗತಿಯನ್ನೂ ಮೊಗಸಾಲೆಯನ್ನೂ ಮಕ್ಕಳೇ ಗುಡಿಸಿ ಒರೆಸುತ್ತಾರೆ. ಸಿರಿವಂತನ ಮಗನಿಗೆ ಇದರಿಂದ ವಿನಾಯಿತಿಯಿಲ್ಲ. ಇವತ್ತು ಬಡಿಸಿಕೊಂಡವನು ನಾಳೆ ಬಡಿಸುವವನು. ಹಾಗಾಗಿ ಬಡಿಸಿಕೊಳ್ಳುವುದರಲ್ಲಿ ಯಾರಿಗೂ ಸಂಕೋಚವಿಲ್ಲ.

ಜಪಾನಿನ ಶಾಲಾ ಊಟದ ಮೂಲ ತಿಳಿದಾಗ ನಮ್ಮ ಮನಸ್ಸು ನೇರವಾಗಿ ನಮ್ಮ ಮಠಗಳ ಜೋಳಿಗೆಯ ಕಡೆಗೆ ಹರಿಯಿತು. 1889ರಲ್ಲಿ ಯಾಮಾಗಾತಾ ಪ್ರಾಂತದ ತ್ಸುರುವೊಕಾ ಎಂಬ ಊರಿನಲ್ಲಿ, ಬೌದ್ಧ ದೇವಾಲಯವೊಂದರ ಆವರಣದಲ್ಲಿ ನಡೆಯುತ್ತಿದ್ದ ಶಾಲೆಗೆ ಬುತ್ತಿ ತರಲಾರದ ಮಕ್ಕಳು ಬರುತ್ತಿದ್ದರು. ಅವರ ಹಸಿವನ್ನು ಕಂಡ ಭಿಕ್ಷುಗಳು ಮನೆಮನೆಗೆ ಭಿಕ್ಷಾಟನೆ ಮಾಡಿ, ಬಂದುದರಲ್ಲಿ ಮಕ್ಕಳಿಗೆ ಅನ್ನದ ಉಂಡೆ, ಸುಟ್ಟ ಮೀನು, ಉಪ್ಪಿನಕಾಯಿ ಕೊಡಲಾರಂಭಿಸಿದರು. ಅದನ್ನೇ ಅಲ್ಲಿಯ ಶಾಲಾ ಊಟದ ಆರಂಭವೆಂದು ಹೇಳುತ್ತಾರೆ. ಮುಂದೆ 1954ರಲ್ಲಿ ಶಾಲಾ ಊಟಕ್ಕೆ ಪ್ರತ್ಯೇಕ ಶಾಸನವೇ ಬಂದಿತು. 2005ರಲ್ಲಿ ಆಹಾರದ ಅರಿವನ್ನು ವಿದ್ಯೆಯ ಒಂದು ಅಂಗವೆಂದು ಒಪ್ಪುವ ಇನ್ನೊಂದು ಶಾಸನ ಬಂದಿತು. ಕಾವಿ ತೊಟ್ಟವರು ಮಕ್ಕಳ ಹೊಟ್ಟೆಗಾಗಿ ಜೋಳಿಗೆ ಹಿಡಿದು ಹೊರಡುವ ದೃಶ್ಯ ನಮ್ಮ ನಾಡಿಗೆ ಹೊಸದಲ್ಲ. ಧರ್ಮ ಬೇರೆ, ದೇಶ ಬೇರೆ, ಜೋಳಿಗೆ ಮಾತ್ರ ಒಂದೇ.

ಕಾಯಕವಿಲ್ಲದ ದಾಸೋಹವನ್ನು ಶರಣರು ಒಪ್ಪಲಿಲ್ಲವೆಂಬುದನ್ನು ನಾವು ಭಾಷಣಗಳಲ್ಲಿ ಕೇಳುತ್ತೇವೆ. ಉಣ್ಣುವ ಮಗುವಿಗೂ ತನ್ನ ಅಳವಿನ ಒಂದು ಕಾಯಕ ಕೊಟ್ಟರೆ ಆ ಅನ್ನ ಅದಕ್ಕೆ ಭಿಕ್ಷೆಯಾಗುವುದಿಲ್ಲ ಎಂಬ ಅರ್ಥವನ್ನು ಆ ಪುಟ್ಟ ಕೈಗಳಲ್ಲಿ ನಾವು ಕಂಡೆವು.

ತಲೆಯ ಮೇಲಿಟ್ಟು ಸ್ವೀಕರಿಸುವುದು

ಎಲ್ಲರ ಮುಂದೆಯೂ ಬಟ್ಟಲು ಬಂದಮೇಲೆ ಮಕ್ಕಳು ಕೈಜೋಡಿಸಿ 'ಇತದಾಕಿಮಾಸು' ಎಂದು ಒಕ್ಕೊರಲಿನಿಂದ ಹೇಳುತ್ತಾರೆ. ಅದಕ್ಕೆ ಮುನ್ನ ಯಾರೂ ತುತ್ತೆತ್ತುವುದಿಲ್ಲ. ವಿನಯದಿಂದ ಸ್ವೀಕರಿಸುತ್ತೇನೆ ಎಂಬುದು ಅದರ ಅರ್ಥ. ಆ ಕ್ರಿಯಾಪದದ ಹಳೆಯ ಅರ್ಥ ತಲೆಯ ಮೇಲಿಟ್ಟುಕೊಳ್ಳುವುದು. ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಶಿರಕ್ಕೆ ಮುಟ್ಟಿಸಿ ಸ್ವೀಕರಿಸುವ ನಮ್ಮವರಿಗೆ ಇದನ್ನು ಬೇರೆ ವಿವರಿಸಬೇಕಿಲ್ಲ. ಊಟ ಮುಗಿದಮೇಲೆ ಮತ್ತೆ ಕೈಜೋಡಿಸಿ 'ಗೊಚಿಸೋಸಮಾ' ಎನ್ನುತ್ತಾರೆ. ಆ ಮಾತಿನ ಒಡಲಲ್ಲಿ ಓಡಾಡುವುದು ಎಂಬ ಅರ್ಥ ಅಡಗಿದೆ. ಈ ಊಟವನ್ನು ಒದಗಿಸಲು ಅಲ್ಲಿ ಇಲ್ಲಿ ಓಡಾಡಿ ದಣಿದವರಿಗೆ ಸಲ್ಲುವ ವಂದನೆಯದು. ಅಕ್ಕಿ ಬೆಳೆದ ರೈತ, ಹೊತ್ತು ತಂದ ಕೂಲಿ, ಅಟ್ಟ ತಾಯಿ ಎಲ್ಲರೂ ಅದರಲ್ಲಿ ಸೇರುತ್ತಾರೆ. ಅನ್ನದ ಹಿಂದಿನ ಕಾಯಕವನ್ನು ನೆನೆಯುವ ಇಷ್ಟು ಚಿಕ್ಕ ಪ್ರಾರ್ಥನೆಯನ್ನು ನಾವು ಬೇರೆಡೆ ಕೇಳಿಲ್ಲ.

ಅಲ್ಲಿಯ ಬೌದ್ಧ ದೇವಾಲಯಗಳಲ್ಲಿ ಪ್ರಸಾದದ ಕಲ್ಪನೆಯೂ ಇದೆ. ಭಕ್ತರು ಬುದ್ಧನ ಮುಂದೆ ಇಟ್ಟ ಹಣ್ಣುಹಂಪಲು, ಸಿಹಿತಿಂಡಿಗಳನ್ನು ಅರ್ಪಣೆಯ ಬಳಿಕ ಇಳಿಸಿಕೊಂಡು ಹಂಚಿ ತಿನ್ನುವುದು ಹಳೆಯ ಪದ್ಧತಿ. 2013ರಲ್ಲಿ ಒಸಾಕಾ ನಗರದಲ್ಲಿ ಒಬ್ಬ ತಾಯಿ ಮತ್ತು ಅವಳ ಮೂರು ವರ್ಷದ ಮಗು ಅನ್ನವಿಲ್ಲದೆ ಮನೆಯಲ್ಲಿಯೇ ತೀರಿಕೊಂಡ ಸುದ್ದಿ ದೇಶವನ್ನು ಕಲಕಿತು. ನಾರಾ ಪ್ರಾಂತದ ಒಬ್ಬ ಭಿಕ್ಷುವಿಗೆ, ದೇವಾಲಯಗಳಲ್ಲಿ ಅರ್ಪಣೆಯ ತಿಂಡಿ ಮಿಕ್ಕುತ್ತಿರುವಾಗ ಅದೇ ನಾಡಿನಲ್ಲಿ ಮಗು ಹಸಿವಿನಿಂದ ಸಾಯುವುದೆಂತು ಎಂಬ ಪ್ರಶ್ನೆ ಕಾಡಿತು. ಹೀಗೆ 2014ರಲ್ಲಿ 'ಒತೆರಾ ಒಯಾತ್ಸು ಕ್ಲಬ್' ಎಂಬ ಕಾರ್ಯ ಮೊದಲಾಯಿತು. ಒತೆರಾ ಎಂದರೆ ದೇವಾಲಯ, ಒಯಾತ್ಸು ಎಂದರೆ ಮಕ್ಕಳ ತಿಂಡಿ. ಅರ್ಪಣೆಯಾಗಿ ಬಂದುದನ್ನು ಪೆಟ್ಟಿಗೆಗಳಲ್ಲಿ ತುಂಬಿ, ಮಕ್ಕಳಿಗೆ ನೆರವಾಗುವ ಸಂಘಸಂಸ್ಥೆಗಳ ಮೂಲಕ ಕಷ್ಟದಲ್ಲಿರುವ ಮನೆಗಳಿಗೆ ಮುಟ್ಟಿಸುತ್ತಾರೆ. ಹೊಸ ಸಾಮಗ್ರಿಯಿಲ್ಲ, ಹೊಸ ಕಟ್ಟಡವಿಲ್ಲ, ಇದ್ದುದನ್ನೇ ಜೋಡಿಸಿದ ಕೆಲಸವಿದು. 2018ರಲ್ಲಿ ಆ ದೇಶದ ಉತ್ತಮ ವಿನ್ಯಾಸದ ಅತ್ಯುನ್ನತ ಪ್ರಶಸ್ತಿ ಯಾವ ಯಂತ್ರಕ್ಕೂ ವಾಹನಕ್ಕೂ ಹೋಗದೆ ಈ ತಿಂಡಿಯ ಪೆಟ್ಟಿಗೆಗೆ ದೊರೆಯಿತು. ಲಿಂಗಕ್ಕೆ ಅರ್ಪಿಸಿದುದು ಪ್ರಸಾದವಾಗಿ ಜಂಗಮಕ್ಕೆ ಸಲ್ಲಬೇಕೆಂದು ನಂಬಿದ ನಮಗೆ, ಹಸಿದ ಮಗುವಿಗಿಂತ ದೊಡ್ಡ ಜಂಗಮ ಯಾವುದು?

ಅಳತೆಯ ತುತ್ತು, ಅಕ್ಕರೆಯ ತುತ್ತು

ಇನ್ನು ಉಣ್ಣುವ ರೀತಿ. ನಮ್ಮಲ್ಲಿ ತಟ್ಟೆ ನೆಲದ ಮೇಲೆಯೋ ಮೇಜಿನ ಮೇಲೆಯೋ ಇರುತ್ತದೆ, ಕೈ ತಟ್ಟೆಯ ಬಳಿಗೆ ಹೋಗುತ್ತದೆ. ಅಲ್ಲಿ ಅನ್ನದ ಬಟ್ಟಲನ್ನು ಎಡಗೈಯಲ್ಲಿ ಎತ್ತಿ ಹಿಡಿದು ಉಣ್ಣುವುದೇ ಸಭ್ಯತೆ. ಊಟದ ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟು ನಿಲ್ಲಿಸಬಾರದು, ಒಬ್ಬರ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ತಿನಿಸನ್ನು ದಾಟಿಸಬಾರದು, ಏಕೆಂದರೆ ಅವೆರಡೂ ಸಾವಿನ ಮನೆಯ ಕ್ರಿಯೆಗಳು. ಎಡಗೈ ಊಟಕ್ಕೆ ಸಲ್ಲದು ಎಂದು ನಮ್ಮ ಅಜ್ಜಿಯರು ಗದರಿದಂತೆಯೇ ಅಲ್ಲಿಯ ಅಜ್ಜಿಯರು ಇವುಗಳ ಬಗ್ಗೆ ಗದರುತ್ತಾರೆ.

ದೊಡ್ಡ ಭೇದವಿರುವುದು ಅಳತೆಯಲ್ಲಿ. ನಮ್ಮ ಮನೆಗಳಲ್ಲಿ ಸಾಕೆಂದವರ ತಟ್ಟೆಗೆ ಇನ್ನೊಂದು ರೊಟ್ಟಿ ಬೀಳುತ್ತದೆ. ಬೇಡವೆಂದು ಕೈ ಅಡ್ಡ ಹಿಡಿದರೂ ಬೆರಳುಗಳ ಸಂದಿನಿಂದ ತುಪ್ಪ ಇಳಿಯುತ್ತದೆ. ಮಗು ಎರಡು ತುತ್ತು ಹೆಚ್ಚು ಉಂಡರೆ ತಾಯಿಗೆ ಸಂತೋಷ. ತಟ್ಟೆಯಲ್ಲಿ ಸ್ವಲ್ಪ ಬಿಟ್ಟರೂ ಬೇಸರವಿಲ್ಲ. ಅಲ್ಲಿಯಾದರೋ ಮಗು ತನಗೆಷ್ಟು ಬೇಕೆಂಬುದನ್ನು ಮೊದಲೇ ಹೇಳಬೇಕು, ಹಾಕಿಸಿಕೊಂಡುದನ್ನು ಕಾಳು ಬಿಡದೆ ಮುಗಿಸಬೇಕು. ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ತಂದ ಪತಿಯನ್ನು ಮರಳಿ ಕಳುಹಿಸಿದ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಬಲ್ಲ ನಾವು ಈ ಅಳತೆಯನ್ನು ಮೆಚ್ಚಲೇಬೇಕು. ಆದರೆ ಅಳತೆಯೂ ಕೆಲವೊಮ್ಮೆ ಕಠೋರವಾಗುತ್ತದೆ. ಎಲ್ಲವನ್ನೂ ಮುಗಿಸಲೇಬೇಕೆಂದು ಶಾಲೆಗಳಲ್ಲಿ ಮಕ್ಕಳನ್ನು ಒತ್ತಾಯಿಸಿ ಕೂರಿಸುತ್ತಿದ್ದ ಪದ್ಧತಿ ಕೆಲವು ಮಕ್ಕಳಿಗೆ ಊಟದ ಬಗ್ಗೆಯೇ ಭಯ ಹುಟ್ಟಿಸಿತೆಂದು ಆ ದೇಶದವರೇ ಟೀಕಿಸಿದ್ದಾರೆ.

ಮತ್ತೊಂದು ಮಗ್ಗುಲೂ ಇದೆ. ಇನ್ನಷ್ಟು ಬೇಕೆಂದು ಕೇಳಲು ನಾಚುವ ಮಕ್ಕಳಿಗೆ ಅಳತೆಯೇ ಗೋಡೆಯಾಗುತ್ತದೆ. ನಮ್ಮ ಊಟದ ಮನೆಗೆ ಬರುತ್ತಿದ್ದ ಒಬ್ಬ ಹುಡುಗ ಬಟ್ಟಲನ್ನು ಬಹಳ ಬೇಗ ಬರಿದು ಮಾಡಿ, ಕಣ್ಣು ಕೆಳಗಿಟ್ಟು ಸುಮ್ಮನೆ ಕೂರುತ್ತಿದ್ದನು. ಇನ್ನೂ ಬೇಕೆ ಎಂದರೆ, ಸಾಕು ಎಂದು ಮೆಲ್ಲಗೆ ಹೇಳುತ್ತಿದ್ದನು. ನಮ್ಮ ರೀತಿಯಲ್ಲಾದರೆ ಕೇಳದೆಯೇ ಇನ್ನೊಂದು ಸೌಟು ಹಾಕಿಬಿಡುತ್ತಿದ್ದರು. ಅಲ್ಲಿಯ ಅಜ್ಜಿಯೊಬ್ಬರು ಹಾಗೆ ಮಾಡಲಿಲ್ಲ. ಪಾತ್ರೆಯನ್ನು ಅವನ ಮುಂದೆ ತಂದು, ಇಷ್ಟು ಉಳಿದುಬಿಟ್ಟಿದೆ, ವ್ಯರ್ಥವಾದರೆ ನನಗೆ ದುಃಖವಾಗುತ್ತದೆ, ಸ್ವಲ್ಪ ಸಹಾಯ ಮಾಡುವೆಯಾ ಎಂದು ಕೇಳಿದರು. ಹುಡುಗನು ಒಡನೆಯೇ ಬಟ್ಟಲನ್ನು ಮುಂದೆ ಚಾಚಿದನು. ಆ ಕ್ಷಣದಲ್ಲಿ ಸಹಾಯ ಪಡೆದವರು ಅಜ್ಜಿ, ಕೊಟ್ಟವನು ಹುಡುಗ. ದಾಸೋಹವೆಂಬ ಮಾತನ್ನು ಆ ತಾಯಿ ಎಂದೂ ಕೇಳಿರಲಾರರು. ಆದರೆ ದಾಸೋಹಿಯ ಮನಸ್ಸು ಇರಬೇಕಾದುದು ಹೀಗೆಯೇ.

ಆಚಾರದ ಮಾತು

ನಮ್ಮ ಆಚಾರದ ವಿಷಯವನ್ನೂ ಇಲ್ಲಿ ಹೇಳಬೇಕು. ಜಪಾನಿನಲ್ಲಿ ಕಣ್ಣಿಗೆ ಮೀನು ಕಾಣದ ಸಾರಿನಲ್ಲಿಯೂ ಒಣಮೀನಿನ ಕಟ್ಟು ಸೇರಿರುವುದು ಸಾಮಾನ್ಯ. ಮಕ್ಕಳಿಗೆ ಬಹಳ ಪ್ರಿಯವಾದ ಕರಿ ಎಂಬ ಅನ್ನದ ಮೇಲೋಗರ ನಮ್ಮ ದೇಶದ ಮಸಾಲೆಯಿಂದಲೇ ಹುಟ್ಟಿ ಇಂಗ್ಲಿಷರ ಮೂಲಕ ಅಲ್ಲಿಗೆ ಹೋದುದಾದರೂ, ಅದರಲ್ಲಿ ಮಾಂಸವಿಲ್ಲದಿರುವುದು ವಿರಳ. ಲಿಂಗಧಾರಿಗಳಾದ ನಾವು ಅದನ್ನು ಮುಟ್ಟೆವು ಎಂದು ಮೊದಲ ದಿನವೇ ತಿಳಿಸಿದ್ದೆವು. ಯಾರೂ ಮುಖ ಗಂಟಿಕ್ಕಲಿಲ್ಲ. ತರಕಾರಿ, ಅಕ್ಕಿ, ಪಾತ್ರೆ ತೊಳೆಯುವ ಕೆಲಸ ನಮ್ಮ ಪಾಲಿಗೆ ಬಂದಿತು. ಅಲ್ಲಿಯ ಬೌದ್ಧ ಭಿಕ್ಷುಗಳ ಅಡುಗೆಯಲ್ಲಿ ಮಾಂಸ, ಮೀನು, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಇರುವುದಿಲ್ಲ, ಕಡಲ ಸೊಪ್ಪು ಮತ್ತು ಅಣಬೆಯ ಕಟ್ಟಿನಿಂದಲೇ ಸಾರು ಮಾಡುತ್ತಾರೆ ಎಂದು ನಮಗೆ ತಿಳಿಸಿದವರೂ ಅವರೇ. ನಮ್ಮ ಆಚಾರವನ್ನು ಸ್ಪಷ್ಟವಾಗಿ, ವಿನಯದಿಂದ ಹೇಳಿದರೆ ಎಲ್ಲಿಯೂ ಅದಕ್ಕೆ ಗೌರವ ದೊರೆಯುತ್ತದೆ. ಇತರರ ತಟ್ಟೆಯನ್ನು ಹೀಗಳೆಯದಿರುವುದು ಮಾತ್ರ ನಮ್ಮ ಹೊಣೆ.

ಒಂದು ಸಂಜೆ ಚಪಾತಿ, ಹೆಸರುಬೇಳೆಯ ಸಾರು ಮಾಡಿಕೊಡಿರೆಂದು ನಮ್ಮನ್ನು ಕೇಳಿದರು. ಅಡುಗೆಗೆ ಮುನ್ನ ಬಳಸುವ ಪ್ರತಿಯೊಂದು ಪದಾರ್ಥವನ್ನೂ ಹಾಳೆಯ ಮೇಲೆ ಬರೆದು ಬಾಗಿಲಲ್ಲಿ ಅಂಟಿಸಿದರು. ಗೋಧಿ, ಹಾಲು, ಮೊಟ್ಟೆ, ಶೇಂಗಾ ಮುಂತಾದವು ಕೆಲವು ಮಕ್ಕಳ ದೇಹಕ್ಕೆ ವಿಷದಂತಾಗುತ್ತವೆ. 2012ರಲ್ಲಿ ಟೋಕಿಯೋ ಪ್ರಾಂತದ ಚೋಫು ನಗರದಲ್ಲಿ ಹಾಲಿನ ಪದಾರ್ಥ ಒಗ್ಗದ ಒಬ್ಬ ಶಾಲಾ ಬಾಲಕಿ ಚೀಸ್ ಬೆರೆತ ಊಟದಿಂದ ಅಸುನೀಗಿದಳು. ಅಂದಿನಿಂದ ಎಚ್ಚರ ಇನ್ನೂ ಹೆಚ್ಚಿತು. ಆದುದರಿಂದ ಜೇಬಿನಿಂದ ಪೆಪ್ಪರಮಿಂಟು ತೆಗೆದು ಕಂಡ ಮಗುವಿನ ಕೈಗಿಡುವ ನಮ್ಮ ಹಿರಿಯರ ಪ್ರೀತಿಗೆ ಅಲ್ಲಿ ಅವಕಾಶವಿಲ್ಲ. ಕೆನ್ನೆ ಹಿಂಡುವುದು, ಎತ್ತಿ ಮುದ್ದಾಡುವುದು ಕೂಡ ಸಲ್ಲದು. ಚಪಾತಿಯನ್ನು ನಾವು ಕೈಯಿಂದ ಮುರಿದು ತಿನ್ನುವುದನ್ನು ಕಂಡ ಮಕ್ಕಳು ಮೊದಲು ಬೆರಗಾದರು, ಆಮೇಲೆ ತಾವೂ ಕೈಗಿಳಿಸಿದರು. ಬಿಸಿಯನ್ನು ಬೆರಳು ಮೊದಲು ಅರಿಯುತ್ತದೆ, ನಾಲಗೆ ಸುಡುವುದಿಲ್ಲ ಎಂದು ಒಬ್ಬಳು ಪುಟ್ಟ ಹುಡುಗಿ ತಾನೇ ಕಂಡುಹಿಡಿದವಳಂತೆ ಜೊತೆಯವರಿಗೆ ಹೇಳುತ್ತಿದ್ದಳು.

ನಮ್ಮ ಪ್ರಸಾದ ನಿಲಯಗಳ ಕಡೆಗೆ

ಪರದೇಶವನ್ನು ಹೊಗಳಿ ನಮ್ಮನ್ನು ಹಳಿದುಕೊಳ್ಳುವುದು ಈ ಲೇಖನದ ಆಶಯವಲ್ಲ. ಮಕ್ಕಳಿಗೆ ಅನ್ನವಿಕ್ಕುವುದರಲ್ಲಿ ನಮ್ಮ ಸಮಾಜ ಯಾರಿಗೂ ಕಡಿಮೆಯಿಲ್ಲ. ವಸತಿಗೃಹಗಳಿಗೆ ಉಚಿತ ಪ್ರಸಾದ ನಿಲಯವೆಂದು ಹೆಸರಿಟ್ಟ ನಾಡು ನಮ್ಮದು. 1941ರಲ್ಲಿ ಸಿದ್ಧಗಂಗಾ ಮಠದ ಅಧಿಕಾರ ವಹಿಸಿಕೊಂಡ ಪೂಜ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳು ಜಾತಿಮತ ಕೇಳದೆ ಮಕ್ಕಳನ್ನು ಸೇರಿಸಿಕೊಂಡು ಬೆಳೆಸಿದರು. ಅವರ ಕಾಲದಲ್ಲಿಯೇ ಅಲ್ಲಿ ಉಂಡು ಓದುವ ಮಕ್ಕಳ ಸಂಖ್ಯೆ ಹತ್ತು ಸಾವಿರದ ಸಮೀಪಕ್ಕೆ ಬಂದಿತ್ತು. 2019ರ ಜನವರಿ 21ರಂದು ಅವರು ಲಿಂಗೈಕ್ಯರಾದಾಗ, ಮಕ್ಕಳ ಮಧ್ಯಾಹ್ನದ ಊಟವಾದ ಮೇಲೆಯೇ ಸುದ್ದಿ ಹೊರಡಬೇಕೆಂಬ ಅವರ ಇಚ್ಛೆಯಂತೆ ನಡೆದುಕೊಂಡರೆಂಬುದು ನಾಡಿಗೆಲ್ಲ ತಿಳಿದಿದೆ. ತನ್ನ ಮರಣದಿಂದಲೂ ಮಗುವಿನ ತುತ್ತು ತಪ್ಪಬಾರದು ಎಂದ ಗುರುವಿನ ಮಕ್ಕಳು ನಾವು. 2002ರಲ್ಲಿ ಕರ್ನಾಟಕದ ಶಾಲೆಗಳಲ್ಲಿ ಬಿಸಿಯೂಟ ಆರಂಭವಾದಾಗ ಸರ್ಕಾರ ಅದಕ್ಕೆ ಅಕ್ಷರ ದಾಸೋಹವೆಂದು ಹೆಸರಿಟ್ಟುದೂ ಈ ಪರಂಪರೆಯ ಋಣದಿಂದಲೇ.

ಆದರೆ ಈಚೆಗೆ ನಮ್ಮ ಮಧ್ಯೆ ಒಂದು ರೂಢಿ ಬೆಳೆಯುತ್ತಿದೆ. ಹುಟ್ಟುಹಬ್ಬಕ್ಕೋ ಹಿರಿಯರ ಪುಣ್ಯಸ್ಮರಣೆಗೋ ಕುಟುಂಬದವರು ವಸತಿಗೃಹಕ್ಕೆ ಬಂದು ಒಂದು ಹೊತ್ತಿನ ಊಟ ಹಾಕಿಸುತ್ತಾರೆ. ಉದ್ದೇಶ ಪವಿತ್ರವಾದುದು. ಆದರೆ ಹಸಿದ ಮಕ್ಕಳು ಸಾಲಾಗಿ ಕುಳಿತಿರುತ್ತಾರೆ. ದಾನಿಗಳ ಪರಿಚಯ ಭಾಷಣ ನಡೆಯುತ್ತದೆ. ಮಕ್ಕಳಿಂದ ಚಪ್ಪಾಳೆ ತಟ್ಟಿಸುತ್ತಾರೆ. ತಟ್ಟೆಗೆ ಸಿಹಿ ಹಾಕುವ ಕೈ ಗಾಳಿಯಲ್ಲಿಯೇ ನಿಂತು ಮೊಬೈಲ್ ಫೋನಿನ ಚಿತ್ರಕ್ಕಾಗಿ ಕಾಯುತ್ತದೆ. ಆ ಚಿತ್ರ ಸಂಜೆಯೊಳಗೆ ನೂರಾರು ಮನೆಗಳಿಗೆ ತಲುಪುತ್ತದೆ. ಅದರಲ್ಲಿ ದಾನಿಯ ಮುಖವೂ ಇರುತ್ತದೆ, ಮಗುವಿನ ಮುಖವೂ ಇರುತ್ತದೆ. ಹತ್ತು ವರ್ಷಗಳ ನಂತರ ಅದೇ ಮಗು ಇಂಜಿನಿಯರೋ ಉಪಾಧ್ಯಾಯನೋ ಆಗಿ ನಿಂತಾಗ ಆ ಚಿತ್ರ ಅದರ ಕಣ್ಣಿಗೆ ಬಿದ್ದರೆ ಮನಸ್ಸಿಗೆ ಏನೆನ್ನಿಸಬಹುದು? ಟೋಕಿಯೋದ ಆ ಊಟದ ಮನೆಯಲ್ಲಿ, ಹೆತ್ತವರ ಒಪ್ಪಿಗೆಯಿಲ್ಲದೆ ಮಕ್ಕಳ ಮುಖ ಕಾಣುವ ಒಂದು ಚಿತ್ರವನ್ನೂ ತೆಗೆಯಗೊಡುತ್ತಿರಲಿಲ್ಲ. ಅಲ್ಲಿ ತೆಗೆದ ಚಿತ್ರಗಳಲ್ಲಿದ್ದುದು ಬಟ್ಟಲುಗಳು, ಪಾತ್ರೆಗಳು, ಬೆನ್ನು ತಿರುಗಿಸಿ ಓಡುವ ಪುಟ್ಟ ಕಾಲುಗಳು.

ಇದಕ್ಕೆ ನಾವು ದೊಡ್ಡ ಸುಧಾರಣೆಗಳನ್ನು ಸೂಚಿಸುತ್ತಿಲ್ಲ. ಮನೆಮನೆಯಲ್ಲಿ ನಡೆಸಬಹುದಾದ ನಾಲ್ಕು ಮಾತುಗಳನ್ನಷ್ಟೇ ಹೇಳುತ್ತೇವೆ. ಊಟ ಹಾಕಿಸುವ ದಿನ ಭಾಷಣ ಬೇಡ, ಇರಲೇಬೇಕಾದರೆ ಮಕ್ಕಳು ಉಂಡಮೇಲೆ ಇರಲಿ. ದಾನಿಗಳ ಕುಟುಂಬವು ಬಡಿಸಿ ಹೊರಟುಹೋಗದೆ ಅದೇ ಪಂಕ್ತಿಯಲ್ಲಿ ಕುಳಿತು ಅದೇ ಪ್ರಸಾದವನ್ನು ಸ್ವೀಕರಿಸಲಿ. ಯಾರ ಹುಟ್ಟುಹಬ್ಬವೋ ಆ ಮಗು ಪಂಕ್ತಿಯ ಎಲೆ ತೆಗೆಯಲಿ, ವಸತಿಗೃಹದ ಮಕ್ಕಳೊಡನೆ ಸೇರಿ ನೆಲ ಒರೆಸಲಿ. ಚಿತ್ರ ಬೇಕಿದ್ದರೆ ಅಡುಗೆಯ ಚಿತ್ರ ತೆಗೆಯಿರಿ, ಉಣ್ಣುವ ಮುಖದ ಚಿತ್ರ ಬೇಡ. ಪರದೇಶದಲ್ಲಿ ಮಕ್ಕಳ ಸೇವೆಗೆ ಹೊರಡುವ ನಮ್ಮ ತರುಣತರುಣಿಯರಿಗೂ ಇದೇ ಮಾತು. ಹೋದ ನಾಡಿನ ರೀತಿಯನ್ನು ಮೊದಲು ಕಣ್ಣಿಟ್ಟು ನೋಡಿರಿ, ಯಾವುದನ್ನು ಕೇಳಬಾರದು ಎಂಬುದನ್ನು ಮೊದಲು ಕಲಿಯಿರಿ, ಕೊಡಲು ಬಂದೆವೆಂಬ ಭಾವವನ್ನು ಪಾದರಕ್ಷೆಗಳೊಡನೆ ಬಾಗಿಲಾಚೆ ಬಿಡಿರಿ.

ಅಲ್ಲಿಯವರಿಗೆ ನಮ್ಮಿಂದ ಸಲ್ಲಬಹುದಾದುದೂ ಇದೆ. ಸಾಕೆಂದ ಮೇಲೆಯೂ ಇನ್ನೊಂದು ತುತ್ತು ಎನ್ನುವ ಅಕ್ಕರೆ, ಚಿಕ್ಕ ಹುಡುಗನನ್ನು ಅಪ್ಪಾ ಎಂದೂ ಚಿಕ್ಕ ಹುಡುಗಿಯನ್ನು ಅವ್ವಾ ಎಂದೂ ಕರೆದು ಮಗುವಿನಲ್ಲಿಯೇ ಹಿರಿಯರನ್ನು ಕಾಣುವ ನುಡಿ, ಇವು ನಮ್ಮ ಸಂಪತ್ತು. ಒಂಟಿತನ ಹೆಚ್ಚಿರುವ ಆ ನಾಡಿನ ಮಕ್ಕಳಿಗೆ ಈ ಬೆಚ್ಚಗಿನ ನುಡಿ ಹಿತವಾಗುವುದನ್ನು ನಾವು ಕಂಡಿದ್ದೇವೆ. ಅವರ ಸಂಕೋಚದ ಕಾವಲು ಮತ್ತು ನಮ್ಮ ಅಕ್ಕರೆಯ ಒತ್ತಾಯ ಒಂದಾದರೆ ಅಲ್ಲಿ ನಿಜವಾದ ದಾಸೋಹದ ಪಂಕ್ತಿ ಏರ್ಪಡುತ್ತದೆ. ಅಂತಹ ಪಂಕ್ತಿಯಲ್ಲಿ ಮಗು ಹೊಟ್ಟೆತುಂಬ ಉಂಡು, ತಲೆಯೆತ್ತಿ ಎದ್ದು ಹೋಗಬೇಕು. ಬಾಗಬೇಕಾದ ತಲೆಯೊಂದಿದ್ದರೆ ಅದು ಬಡಿಸುವವರದು.